ವಾಲು

ನಾಗಣಸೂರಿನ ಸುಗಲಾಬಾಯಿ ಮಾಳಿಗೆ ಮ್ಯಾಲ
ಎರಡು ಛತ್ರಿ. ಒಂದರ ಮೂತಿಗೆ ಕಣಜದ ಗೂಡು.
ಲಾಡಲೇಸಾಬ ಮೊದಲು ಅದನ್ನ
ಬೀಡಿ ಹೊಗೆ ಊದಿ ಬಿಡಿಸಿದ,
ಆಮ್ಯಾಲ ಪಾನಾ ಕೇಳಿದ.

ಸೋಲಾಪುರದ ಮಿಲ್ಲಿನ್ಯಾಗ ಹನ್ನೊಂದು ವರ್ಷ
ಚಾದರ ನೇಯ್ದ ಕೈ.
"ಒಂದೇ ನಂಬರಿನ ಮ್ಯಾಲ ಎರಡು ಬರತಾವ ತಮ್ಮಾ,
ಒಂದು ನಿಂತು, ಒಂದು ಮಲಗಿ.
ಒಂದಕ್ಕೊಂದು ತಾಕಂಗಿಲ್ಲ.
ಹಾಸು, ಹೊಕ್ಕು. ಆದ್ರ ಅರಿವಿ ಆಗಂಗಿಲ್ಲ."

ನಾ ನಕ್ಕೆ. ಅವ ನಗಲಿಲ್ಲ.

"ಅಲ್ಲಿ ನೆಟ್ಟಗ ಬಿಟ್ಟದ್ದು
ಇಲ್ಲಿಗೆ ಮುಟ್ಟೂದ್ರೊಳಗ ವಾಲಿರತದ.
ಉಪಗ್ರಹದ ತಪ್ಪಲ್ಲ.
ನಾವು ಅದರ ನೆತ್ತಿ ಕೆಳಗಿಲ್ಲ, ಅಷ್ಟ."

ಕೆಳಗ ಸುಗಲಾಬಾಯಿ ಟೀವಿ ಮುಂದ ಕೂತು
ಕಿಟಕಿಯಿಂದ ಒದರತಿದ್ದಳು:
ಮರಾಠಿ ಬಂತು, ಕನ್ನಡ ಚೌಕ ಚೌಕ ಒಡದದ!
ಕನ್ನಡ ಬಂತು, ಮರಾಠಿ ಹೋತು!
ಮೊಮ್ಮಗಳು ಅದನ್ನೇ ಮತ್ತೊಮ್ಮೆ
ಮರಾಠಿಯೊಳಗ ಒದರಿದಳು.

ಅವ ಮೂತಿ ಹಿಡಿದು,
ಸಿಕ್ಕ ಲಾಳಿ ಬಿಡಿಸಿದಂಗ
ಕೂದಲೆಳೆ ಕೂದಲೆಳೆ ತಿರುವಿದ.
ಇಪ್ಪತ್ತು ಡಿಗ್ರಿ, ಹೆಚ್ಚೂಕಮ್ಮಿ.
ಅಳೆಯಲಿಕ್ಕ ಏನೂ ಇರಲಿಲ್ಲ ಅವನ ಹಂತ್ಯಾಕ,
ಕಿವಿ ಬಿಟ್ಟರ.

ಒದರಾಟ ನಿಂತಿತು.
ಬಂತು ಅಂತ ಯಾರೂ ಅನ್ನಲಿಲ್ಲ.
"ಹಂಗಾದ್ರ ಎರಡೂ ಬಂದಾವ" ಅಂದ,
ನಟ್ಟು ಬಿಗಿದ.

ಎರಡನೇ ಛತ್ರಿ ಯಾತಕ್ಕ ಅಂತ ಕೇಳಿದೆ.
ಬುಡ ಕಿತ್ತದ್ದು, ಆಕಾಶಕ್ಕ ಬಾಯಿ ತೆರೆದು ಬಿದ್ದದ್ದು.
"ಅದೇನೂ ಹಿಡಿಯಂಗಿಲ್ಲ.
ಬಿಸಲಾಗ ಮುದುಕಿ
ಶಂಡಿಗಿ ಒಣಗಸತಾಳ."