ಹಿಂದಿನವರ ಹಿಟ್ಟು

ಮಂಡ್ಯದಲ್ಲಿ ಪ್ಲಾಟ್‌ಫಾರಂ ಅಂದರೆ
ಮೈಸೂರ ಕಡೆಗೊಂದು, ಬೆಂಗಳೂರ ಕಡೆಗೊಂದು.
ನವಾಜನ ಫೋನಿನಲ್ಲಿ ಹದಿನಾಲ್ಕು.
"ಯಾವುದಕ್ಕೆ ಹತ್ತಿಸ್ಲಿ ಅಕ್ಕೋ?" ಅಂತಾನೆ,
ಪುಟ್ಟ ಸ್ಕ್ರೂಡ್ರೈವರು ಕಿವಿಗೆ ಸಿಕ್ಕಿಸಿಕೊಂಡು.

ನನ್ನ ಹತ್ತಿರ ಇರುವುದು ಒಂಬತ್ತು.
ರಾತ್ರಿ ಎಂಟೂವರೆಗೆ ಗಿರಾಕಿ ನಿಂತ ಮೇಲೆ
ಬೆಲ್ಟು ಕಳಚಿ, ಮೋಟರನ್ನು ಬರಿದೇ ಓಡಲು ಬಿಟ್ಟು
ಅಪ್ಪನ ಹಾರ್ಮೋನಿಯಮ್ಮಿನ ಹಿಟ್ಟು ಒರೆಸಿ
ನುಡಿಸಿದವು.
ಮೋಟರಿನ ಗುಂಯ್ ಬಿಳಿ ಎರಡಕ್ಕೆ ಕೂರುತ್ತೆ.
ವೋಲ್ಟೇಜು ಇಳಿದರೆ ಅದು ಜಾರುತ್ತೆ,
ಹಾರ್ಮೋನಿಯಂ ಜಾರಲಾರದು.
ಒಂದೊಂದು ರಾತ್ರಿ ಅವೆರಡರ ಜಗಳವೇ ಚೆನ್ನಾಗಿರುತ್ತೆ.

ಹೆಸರು ಕೇಳಿದ. ರಾಗಿ, ಹುರಿಹಿಟ್ಟು, ಅಕ್ಕಿತರಿ
ಎಂದು ಬರೆಸುತ್ತಾ ಹೋದೆ.
ಖಾರದ ಪುಡಿ ಅನ್ನುವುದರಲ್ಲಿ ಎರಡು ಸೀನು ಇದಾವೆ.
"ತೆಗೆದುಬುಡ್ಲಾ?"
ಯಾಕೋ, ಅವೂ ತಾಳದಲ್ಲೇ ಇದಾವಲ್ಲ.

ಮೊದಲನೆಯದು ಚಿತ್ರ ಬೇಕು ಅಂದಿತು.
ಗಿರಣಿಯ ಬಾಯಿಯ ಫೋಟೋ ಹಾಕಿದೆವು.
ಒತ್ತಿ ನೋಡಿದರೆ, ನನ್ನ ರಾಗಿಗಿಂತ ಮುಂಚೆ
ಪ್ಯಾಕೆಟ್ ಗೋಧಿ ಹಿಟ್ಟಿನ ಜಾಹೀರಾತು!
ನವಾಜ್ ನಕ್ಕು ನಕ್ಕು ಕೌಂಟರಿಗೆ ತಲೆ ಕೊಟ್ಟ.
ಇನ್ನೊಂದಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು,
ನಿಲ್ಲಿಸಿದರೆ ಹಾಡು ಕೆಳಗಿಳಿಸುತ್ತಾರಂತೆ.
ಬಾಡಿಗೆ ಮನೆ ನನಗೆ ಗೊತ್ತು. ಬೇಡ.
ಮತ್ತೊಂದರಲ್ಲಿ ಮೂವತ್ತು ಸೆಕೆಂಡು.
ಮೂವತ್ತು ಸೆಕೆಂಡಿಗೆ ನನ್ನ ಕಲ್ಲು ಬೆಚ್ಚಗೂ ಆಗಲ್ಲ.
ಒಂದು ಮಾತ್ರ ಬಲು ಮರ್ಯಾದಸ್ತ:
ತಾನೇ ಗದ್ದಲ ಶುದ್ಧಿ ಮಾಡಿ ಕೊಟ್ಟಿತು.
ಕೇಳಿದೆ. ಹಾರ್ಮೋನಿಯಂ ಒಂಟಿಯಾಗಿ
ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಂತೆ ಇತ್ತು.
ಮೋಟರೇ ಇಲ್ಲ.

ಕೊನೆಗೊಂದು ಸಿಕ್ಕಿತು. ಬೋಳು ಪುಟ.
ಬೇಕಾದವರು ಇಳಿಸಿಕೊಳ್ಳಬಹುದು, ಬೆಲೆ ನಾವೇ ಹೇಳಬಹುದು,
ಸೊನ್ನೆ ಅಂದರೂ ಬೇಜಾರಿಲ್ಲ ಅದಕ್ಕೆ.
ಆದರೆ ಸಾಕಮ್ಮ ಅನ್ನುವ ಹೆಸರನ್ನು ಆಗಲೇ ಯಾರೋ ಹಿಡಿದಿದ್ದಾರೆ,
ಸಾಕಮ್ಮ ಎರಡು ಅಂತ ಇಡಬಹುದಂತೆ.
ನಾಲ್ಕು ಹೆಣ್ಣಾದ ಮೇಲೆ ಸಾಕು ಅಂತ ಇಟ್ಟ ಹೆಸರು.
ಎರಡನೇ ಸಾಕು ಅಂದರೆ ಏನು ಲೆಕ್ಕ?
"ಗಿರಣಿ ಸಾಕಮ್ಮ ಅಂತ ಬರಿ," ಅಂದೆ.

ಆಮೇಲೆ ಒಂದು ಚಿಕ್ಕ ಚೌಕ.
ಈ ಧ್ವನಿ ಪೂರ್ತಿ ನನ್ನದೇ ಎಂದು ಗುರುತು ಹಾಕಿ.

ಬೆರಳು ಅಲ್ಲೇ ನಿಂತಿತು.

ಗಿರಣಿಗೆ ಡಬ್ಬಿ ಹೊತ್ತು ಬರುವವರಿಗೆಲ್ಲ ಗೊತ್ತು:
ರಾಗಿ ಬೀಸಿದ ಕಲ್ಲಿಗೆ ಗೋಧಿ ಸುರಿದರೆ
ಮೊದಲ ಹಿಡಿ ಕಪ್ಪಗೇ ಬೀಳುತ್ತೆ.
ಹಿಂದಿನವರದಿಷ್ಟು ನಿಮ್ಮ ಡಬ್ಬಿಗೆ,
ನಿಮ್ಮದಿಷ್ಟು ಕಲ್ಲಿನ ಸಂದಿಗೆ, ಮುಂದೆ ಬರುವವರಿಗೆ.
ಇದಕ್ಕೆ ಇಪ್ಪತ್ತಾರು ವರ್ಷದಲ್ಲಿ ಯಾರೂ ಜಗಳ ತೆಗೆದಿಲ್ಲ,
ಕಲ್ಲಹಳ್ಳಿಯ ದೇವೀರಮ್ಮನೊಬ್ಬಳನ್ನು ಬಿಟ್ಟು.

ಅಪ್ಪ ಊರೂರು ತಿರುಗಿ ನಾಟಕ ಕಲಿಸಿದವನು.
ಅವನು ಸವೆಸಿದ ಮನೆಗಳ ಮೇಲೆ
ನನ್ನ ಬೆರಳು ಕೇಳದೆಯೇ ಹೋಗಿ ಕೂರುತ್ತೆ.
ಹುರಿಹಿಟ್ಟಿನಲ್ಲಿ ಆ ಮೂರನೇ ತಿರುವು ಇದೆಯಲ್ಲ,
ಅದು ಕೀಲಾರದ ಯಾರೋ ದುರ್ಯೋಧನ
ಅಪ್ಪ ಎಷ್ಟು ತಿದ್ದಿದರೂ ತಪ್ಪಾಗಿಯೇ ಹಾಡಿ ಹಾಡಿ
ಹಾಗೇ ನಿಂತುಹೋದದ್ದು.
ಗುಂಯ್‌ಗುಡುವುದು ಕೊಯಮತ್ತೂರಿನ ಮೋಟರು.
ಸೀನಿದ್ದು ಕೂಡ ನಾನಲ್ಲ, ಮೆಣಸಿನಕಾಯಿ ತಂದ ಹುಡುಗ.
ಪೂರ್ತಿ ನನ್ನದು ಅಂತ ಹೇಗಪ್ಪಾ ಒತ್ತಲಿ?

"ಅಷ್ಟೆಲ್ಲ ಯಾರು ನೋಡ್ತಾರೆ ಬುಡಕ್ಕ,"
ನವಾಜ್ ತಾನೇ ಒತ್ತಿಬಿಟ್ಟ.
ಒಂಬತ್ತೂ ಹೋದವು. ಸದ್ದೇ ಆಗಲಿಲ್ಲ.
ಗಿರಣಿಗೆ ಬಂದು ಯಾರದೋ ಅಕ್ಕಿ ಬೀಸಿದೆ.

ವಾರ ಕಳೆದು ತೋರಿಸಿದ: ಕೇಳಿದವರು ಹನ್ನೊಂದು,
ಅದರಲ್ಲಿ ಆರು ಸಲ ಅವನೇ.
ಇಳಿಸಿಕೊಂಡವರು ಒಬ್ಬರು. ಹೆಸರಿಲ್ಲ, ಊರಿಲ್ಲ,
ರಾತ್ರಿ ಎರಡೂ ನಲವತ್ತು ಅಂತ ಮಾತ್ರ ಇದೆ.

ಅಷ್ಟು ಹೊತ್ತಿನಲ್ಲಿ ಎದ್ದಿರುವವರು ಯಾರಾದರೇನು,
ನನ್ನದು ಮುಗಿದ ಮೇಲೆ ಇನ್ನೇನೋ ಹಾಕಿಕೊಂಡಿರುತ್ತಾರೆ,
ಚೆನ್ನಾಗಿ ತೊಳೆದ, ಬಿಳಿ ಬಿಳಿ ಹಾಡು.
ಅದರ ಮೊದಲ ಹಿಡಿ
ಕಪ್ಪಗೆ ಬಿದ್ದಿರುತ್ತೆ.