ಚೆಕ್ಕುಬಂದಿ

ಗೋಪಿ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ನನ್ನ ಮೇಜು.
ಕಂಪ್ಯೂಟರ್ ಸತ್ತದ್ದು ಸೋಮವಾರ,
ಹೊಗೆಯಿಲ್ಲ, ಸದ್ದಿಲ್ಲ;
ಅರ್ಧ ವಿಭಾಗಪತ್ರ ಒಳಗೇ ಉಳಿಯಿತು.

ರಿಪೇರಿ ಅಂಗಡಿಯ ಇಮ್ತಿಯಾಜ್ ಕೈಚಾಚಿದ:
"ಫೋನ್ ಕೊಡಿ ಫಿಲೋಮಿನಕ್ಕ,
ಅದರಲ್ಲೇ ಲಿನಕ್ಸ್ ಹಾಕ್ತೀನಿ. ರೂಟೂ ಬೇಡ."
ನನಗೆ ಗೊತ್ತಿದ್ದ ರೂಟು
ಸಾಗರ, ಹೊಸನಗರ, ತೀರ್ಥಹಳ್ಳಿ.

ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು
ಎರಡು ಟೀ ಮುಗಿಯುವಷ್ಟು ಹೊತ್ತು ಓಡಿದವು.
ಆಮೇಲೆ ಅಂಗೈಯಲ್ಲೊಂದು ಡೆಸ್ಕ್‌ಟಾಪ್:
ಎಳ್ಳುಕಾಳಿನಷ್ಟು ಕಸದಬುಟ್ಟಿ,
ಮುಚ್ಚುವ ಗುರುತೋ, ಇರುವೆಯ ಕಾಲು.
ಅದನ್ನು ಮುಟ್ಟಹೋದ ನನ್ನ ಬೆರಳು
ಅಕ್ಕಪಕ್ಕದ ಮೂರನ್ನೂ ಒತ್ತಿತು.

ಕೀಬೋರ್ಡಿಗೊಂದು ಕೇಬಲ್ ಸಿಕ್ಕಿಸಿ
ಸ್ಥಿರಾಸ್ತಿ ಅಂತ ಹೊಡೆದೆ.
ಮೂಡಿದ್ದು: ಸ್‌ಥಿರಾಸ್‌ತಿ.
ಆಸ್ತಿಗಿಂತ ಮೊದಲು
ಅಕ್ಷರಗಳೇ ಪಾಲಾಗಿದ್ದವು.
ಫಾಂಟ್ ಬದಲಿಸಿದ; ಸುಮ್ಮನೆ ಕೂಡಿಕೊಂಡವು.

ಮೂರನೇ ಪುಟ. ಚೆಕ್ಕುಬಂದಿ.
ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಚನ್ನಬಸಪ್ಪನವರ ಗೋಡೆ,
ಉತ್ತರಕ್ಕೆ
ಅನ್ನುವಷ್ಟರಲ್ಲಿ ಇಡೀ ಡೆಸ್ಕ್‌ಟಾಪು ಮಾಯ.
'ಸಿಗ್ನಲ್ ೯' ಅಂತ ಒಂದೇ ಸಾಲು.

"ಫೋನಿಗೆ ಅನುಮಾನ ಅಕ್ಕಾ,
ತನ್ನೊಳಗೆ ಬೇರೆ ಯಾರೋ ಸಂಸಾರ ಹೂಡಿದ್ದಾರೆ ಅಂತ."
ಏನೇನೋ ಒತ್ತಿ ಅದನ್ನೂ ಒಪ್ಪಿಸಿದ.
ಉತ್ತರ ದಿಕ್ಕನ್ನು ಮತ್ತೆ ಬರೆದೆ,
ಪ್ರತಿ ಸಾಲಿಗೂ ಸೇವ್ ಒತ್ತುತ್ತಾ.

ಸಂಜೆ ಅಣ್ಣತಮ್ಮಂದಿರು ಬಂದರು,
ಒಬ್ಬರನ್ನೊಬ್ಬರು ನೋಡದೆ
ಒಂದೇ ಪರದೆಗೆ ತಲೆ ತಗ್ಗಿಸಿದರು.
"ನಾಲ್ಕು ಪಾಲೂ ಇದರಲ್ಲೇ ಹಿಡಿದವಾ?" ಅಂದ ಕಿರಿಯವ.

ಹಿಡಿದಾವೆ.
ಚಾರ್ಜು ಹದಿನಾಲ್ಕೇ ಇದೆ, ಬೇಗ ಓದಿ.