ಹನ್ನೊಂದು ನಿಮಿಷದ ನೆಲ

ಎಸ್.ಪಿ. ರೋಡಿನ ಸಂದಿಯಲ್ಲಿ ವೈರುಗಳು ಜಡೆ ಇಳಿಬಿಟ್ಟ ಮೆಟ್ಟಿಲು,
ಮೇಲೆ ಇಮ್ತಿಯಾಜ್ ಭಾಯಿಯ ಅಂಗಡಿ, ಒಂದು ಮಂಚದಗಲ.
ಚೀಲದಿಂದ ಕ್ಯಾಸೆಟ್ಟು ತೆಗೆದಿಟ್ಟೆ.
ಬೆನ್ನಿನ ಮೇಲೆ ಚಿಕ್ಕಮ್ಮನ ಗುಂಡು ಅಕ್ಷರ:
‘ವನಜಾಕ್ಷಿ ಮದುವೆ. ಅಳಿಸಬೇಡಿ.’
ಅದರ ಕೆಳಗೆ ಯಾರದೋ ಪೆನ್ಸಿಲ್ಲು: ‘ಮ್ಯಾಚು, ಆರು ಓವರು.’

ಭಾಯಿ ಮೂಸಿ ನೋಡಿದ.
‘ಬೂಷ್ಟು ಹಿಡಿದಿದೆ ಮೇಡಂ. ನಮ್ಮೂರ ಹವಾ.’
ಹತ್ತಿಕಡ್ಡಿಗೆ ಸ್ಪಿರಿಟ್ಟು ಅದ್ದಿ
ಕೂಸಿನ ಕಿವಿ ಒರೆಸುವ ಹಾಗೆ ಒರೆಸಿದ.
ಎಷ್ಟು ಹೊತ್ತಾಗುತ್ತೆ ಅಂದೆ.
‘ಟೇಪು ಎಷ್ಟು ಹೊತ್ತೋ ಅಷ್ಟೇ ಹೊತ್ತು.
ಇದರಲ್ಲಿ ಅರ್ಜೆಂಟ್ ಅನ್ನೋದಿಲ್ಲ.’

ಸ್ಟೂಲಿನ ಮೇಲೆ ಕೂತೆ. ಮೊದಲು ನೀಲಿ,
ಆಮೇಲೆ ಗೆರೆ, ಗೆರೆಯ ಕೆಳಗೆ ಒಂದು ಹಣೆ.
ಅವನು ಗುಂಡಿ ತಿರುಗಿಸಿದ. ಗೆರೆ ಮೇಲೆ ಹತ್ತಿ ಹೋಯಿತು,
ಹಣೆ ನನ್ನದಾಯಿತು. ಬಾಸಿಂಗ. ಬೆವರು.
ಶ್ರೀರಾಂಪುರದ ಛತ್ರ, ತೊಂಬತ್ತೆರಡನೇ ಇಸವಿ.
ಅರ್ಚಕರ ಮಾತಿನ ನಡುನಡುವೆ ರೈಲು.

‘ಇನ್ನೊಂದು ಸದ್ದಿದೆ, ಟಿಕ್ ಟಿಕ್ ಅಂತ.
ಕಂಪ್ಯೂಟರಲ್ಲಿ ತೆಗೆದು ಒಂದು ನಾದಸ್ವರ ಹಾಕಿಬಿಡ್ಲಾ?’
ಬೇಡ ಅಂದೆ. ಅದು ಅವಳ ವಾಚು.
ಜಾಲಹಳ್ಳಿಯ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ
ಸಾಸಿವೆಗಿಂತ ಚಿಕ್ಕ ತಿರುಪು ಕೂರಿಸಿದ ಕೈ;
ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಬಿಲ್ಲಿಲ್ಲದೆ ಕೊಂಡ ಕ್ಯಾಮರಾ
ಆ ಕೈಯಲ್ಲಿ ಒಂದಿಷ್ಟೂ ಅಲುಗುವುದಿಲ್ಲ.
ಮೈಕಿಗೆ ಅವಳ ಮಣಿಕಟ್ಟು ಅಷ್ಟು ಹತ್ತಿರ.

ಚಿಕ್ಕಪ್ಪ ಹೋಗಿ ಆಗ ನಾಲ್ಕು ವರ್ಷ.
ಅರಿಶಿನದ ದಿನ ಅವಳು ಹಿತ್ತಲಲ್ಲಿದ್ದಳು.
ಬಳೆ ತೊಡಿಸುವಾಗ ಎಲ್ಲಿದ್ದಳೋ, ಯಾರೂ ಹುಡುಕಲಿಲ್ಲ.
ಆದರೆ ಇಲ್ಲಿ ನೋಡಿ, ಮಾಂಗಲ್ಯದ ಹೊತ್ತಿಗೆ
ಪರದೆಯ ತುಂಬ ನನ್ನ ಕೊರಳು,
ಗಂಟಿನ ಮೇಲೆ ಗಂಟು ಹಾಕುವ ಒದ್ದೆ ಬೆರಳು,
ಒಂದು ಅಕ್ಕಿಕಾಳು ನನ್ನ ಹುಬ್ಬಿನ ಮೇಲೆ ಕೂತು ಜಾರುವುದು.
ಸೋದರತ್ತೆಯರೆಲ್ಲ ಅವಳ ಹಿಂದೆ.
‘ದಾರಿ ಬಿಡ್ರೇ, ವಿಡಿಯೋದವರು’ ಅಂತಾರೆ ಯಾರೋ.
ನಾನು ತಲೆ ತಗ್ಗಿಸಿದ್ದೆ.
ಅಷ್ಟು ಹತ್ತಿರ ಬಂದಿದ್ದಳೆಂದು
ಮೂವತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ.

ಅರುಂಧತಿ ತೋರಿಸಲು ಹೊರಗೆ ಹೊರಟೆವು.
ಹೊಸ್ತಿಲು ದಾಟಿದರೆ ಹಸಿರು ಮೈದಾನ, ಬೌಲರು ಓಡಿಬರುತ್ತಿದ್ದಾನೆ.
ಭಾಯಿ ನಕ್ಕ. ನಾನೂ.
ನನ್ನ ಭಾವ ಮಾಡಿದ ಕೆಲಸ; ಒಪ್ಪಿಕೊಳ್ಳದೆ ಸತ್ತ.
ಆರು ಓವರು ಕೂತು ನೋಡಿದೆವು. ನಕ್ಷತ್ರ ಸಿಗಲಿಲ್ಲ.
ಒಂದು ಎಲ್‌ಬಿಡಬ್ಲ್ಯೂ ಸಿಕ್ಕಿತು.

ಮತ್ತೆ ಛತ್ರ. ಈಗ ಬರೀ ನೆಲ.
ನಿಲ್ಲಿಸಲು ಮರೆತು ತೊಡೆಯ ಮೇಲಿಟ್ಟುಕೊಂಡಿದ್ದಾಳೆ.
ಕೆಂಪು ಗಾರೆ, ಒಂದು ಬಾಳೆಸಿಪ್ಪೆ, ಯಾರದೋ ಮಗುವಿನ ಬೂಟು.
‘ಮಣ್ಣೀ, ಊಟಕ್ಕೆ ಬಾರೇ.’
‘ನಂದು ಆಮೇಲೆ.’
ನೆಲ. ಮತ್ತೂ ನೆಲ.
‘ಇದು ಕತ್ತರಿಸಿದರೆ ಒಂದೇ ಡಿಸ್ಕಿಗೆ ಹಿಡಿಯುತ್ತೆ,
ಹನ್ನೊಂದು ನಿಮಿಷ, ವೇಸ್ಟು,’ ಅಂದ ಭಾಯಿ.

ಇರಿ, ಅಂದೆ.
ಪರದೆಯ ಮೂಲೆಯಲ್ಲಿ ಎರಡು ಪಾದ,
ಕಾಲುಂಗುರ ತೆಗೆದದ್ದು, ಹಿಮ್ಮಡಿ ಬಿರಿದದ್ದು.
ಇಷ್ಟೂ ಮದುವೆಗಳಲ್ಲಿ ಅವಳು ಕಂಡದ್ದು ಇಷ್ಟೇ.
ಹೊರಗೆ ಬ್ಯಾಂಡಿನವರು, ಎಲೆಯ ಮುಂದೆ ಕೂರುವ ಮೊದಲು,
ತಮಗೆ ತಾವೇ ಏನೋ ಒಂದು ಕುಣಿಯುವ ಮಟ್ಟು ಬಾರಿಸಿಕೊಳ್ಳುತ್ತಿದ್ದಾರೆ.
ಬಲಗಾಲಿನ ಹೆಬ್ಬೆರಳು ಎದ್ದಿತು.
ಬಿತ್ತು.
ಎದ್ದಿತು.
ಉಳಿದ ನಾಲ್ಕೂ ಸೇರಿಕೊಂಡವು.

ಎರಡನೇ ಡಿಸ್ಕಿಗೆ ಬೇರೆ ದುಡ್ಡು, ಅಂದ ಭಾಯಿ.
ಕೊಟ್ಟೆ. ಅವನು ಸ್ಕೆಚ್‌ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ,
‘ಮೇಲೆ ಏನ್ ಬರೀಲಿ?’ ಅಂತ ಕೇಳಿದ.
ಇನ್ನೂ ಮಟ್ಟು ಮುಗಿದಿರಲಿಲ್ಲ.